84 ವರ್ಷ ಬೀಗದೊಳಗಿದ್ದ ಪಿಟೀಲು: ಶೂಮನ್ನನ ಡಿ ಮೈನರ್ ಕನ್ಚೆರ್ಟೊ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕೃತಿಯ ಬಗ್ಗೆ ಯಾರ ಬಳಿ ಬಾಯಿ ಬಿಟ್ಟರೂ ಮೊದಲು ಬರುವ ಪ್ರಶ್ನೆ ದೆವ್ವದ್ದು, ಎರಡನೆಯದು ಹುಚ್ಚಿನದು, ಮೂರನೆಯದು ನಾಜಿಗಳದು. ಸಂಗೀತದ ಪ್ರಶ್ನೆ ಬರುವ ಹೊತ್ತಿಗೆ ಕಾಫಿ ಆರಿರುತ್ತದೆ. ಹಾಗಾಗಿ ಇಲ್ಲಿ ನನಗೆ ತೋಚಿದ ಕ್ರಮದಲ್ಲಿ ಉತ್ತರಿಸಿದ್ದೇನೆ. ದೆವ್ವಕ್ಕಾಗಿ ಬಂದವರು ಸ್ವಲ್ಪ ತಾಳಬೇಕು.

ಇದು ಯಾವ ಕೃತಿ?

ಜರ್ಮನಿಯ ರಾಬರ್ಟ್ ಶೂಮನ್ 1853ರಲ್ಲಿ ಡ್ಯುಸೆಲ್ಡಾರ್ಫ್ ನಗರದಲ್ಲಿ ಬರೆದ ಪಿಟೀಲು ಕನ್ಚೆರ್ಟೊ. ಮೂರು ಭಾಗ, ಹೆಚ್ಚುಕಡಿಮೆ ಅರ್ಧ ಗಂಟೆ. ಜನ ಅದನ್ನು ಕೇಳಿದ್ದು 1937ರಲ್ಲಿ. ಅಷ್ಟರಲ್ಲಿ ಶೂಮನ್ ತೀರಿಕೊಂಡು 81 ವರ್ಷವಾಗಿತ್ತು.

ಕನ್ಚೆರ್ಟೊ ಎಂದರೆ ನಮ್ಮ ಕಚೇರಿಯ ಹಾಗೆ, ಮುಖ್ಯ ಕಲಾವಿದ ಮತ್ತು ಪಕ್ಕವಾದ್ಯವೇ?

ಮೇಲುನೋಟಕ್ಕೆ ಹೌದು. ಒಬ್ಬ ಪಿಟೀಲುವಾದಕ ಮುಂದೆ ನಿಲ್ಲುತ್ತಾನೆ, ಹಿಂದೆ ದೊಡ್ಡ ವಾದ್ಯವೃಂದ. ಆದರೆ ಇಲ್ಲಿ ಮನೋಧರ್ಮಕ್ಕೆ ಜಾಗವಿಲ್ಲ. ಪ್ರತಿ ಸ್ವರವೂ ಬರೆದಿಟ್ಟದ್ದು. ಉಳಿದ ಕನ್ಚೆರ್ಟೊಗಳಲ್ಲಿ ವಾದ್ಯವೃಂದ ಸುಮ್ಮನಾಗಿ ವಾದಕನೊಬ್ಬನೇ ಕೈಚಳಕ ತೋರಿಸುವ ಕೆಡೆನ್ಜಾ ಎಂಬ ಘಟ್ಟವೊಂದು ಸಾಮಾನ್ಯವಾಗಿ ಇರುತ್ತದೆ. ಶೂಮನ್ ಅದನ್ನೂ ಇಟ್ಟಿಲ್ಲ. ಚಪ್ಪಾಳೆ ಗಿಟ್ಟಿಸುವ ಅವಕಾಶ ವಾದಕನಿಗೆ ಇಲ್ಲಿ ಬಹಳ ಕಡಿಮೆ, ಮತ್ತು ಕೃತಿ ಹಿಂದೆ ಬಿದ್ದದ್ದಕ್ಕೆ ಅದೂ ಒಂದು ಕಾರಣ ಎಂದು ನನ್ನ ಅನುಮಾನ.

ಶೂಮನ್ ಪಿಯಾನೊದವನಲ್ಲವೇ? ಪಿಟೀಲಿನ ಹುಚ್ಚು ಹೇಗೆ ಹತ್ತಿತು?

ಒಬ್ಬ ಹುಡುಗನಿಂದ. 1853ರ ಮೇ ತಿಂಗಳಲ್ಲಿ ಡ್ಯುಸೆಲ್ಡಾರ್ಫ್‌ನಲ್ಲಿ ನಡೆದ ಸಂಗೀತೋತ್ಸವಕ್ಕೆ ಯೋಸೆಫ್ ಯೋಆಖಿಮ್ ಎಂಬ ಹಂಗೆರಿ ಮೂಲದ ಪಿಟೀಲುವಾದಕ ಬಂದ. ವಯಸ್ಸು ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಅವನು ಬೀಥೋವನ್ನನ ಕನ್ಚೆರ್ಟೊ ನುಡಿಸಿದ ರೀತಿಗೆ ಊರೇ ಬೆರಗಾಯಿತು; ಶೂಮನ್ ದಂಪತಿ ಅವನನ್ನು ಮನೆಯ ಮಗನಂತೆ ಹಚ್ಚಿಕೊಂಡರು. ಮರುತಿಂಗಳೇ ಅವನಿಂದ ಕಾಗದ ಬಂತು: ಬೀಥೋವನ್ ಮಾಡಿದ ಹಾಗೆ ನೀವೂ ನಮ್ಮಂಥ ಬಡಪಾಯಿ ಪಿಟೀಲುವಾದಕರಿಗೆ ಏನಾದರೂ ಬರೆದುಕೊಡಬಾರದೇ ಎಂಬ ಧಾಟಿಯಲ್ಲಿ.

ಶೂಮನ್ ಬರೆದ, ಅದೂ ಒಂದಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಪಿಟೀಲು ಮತ್ತು ವಾದ್ಯವೃಂದಕ್ಕೆ ಒಂದು ಫ್ಯಾಂಟಸಿ (ಕಟ್ಟುಪಾಡು ಸಡಿಲವಾದ ಬಿಡಿ ಕೃತಿ) ಮುಗಿಸಿ, ಅದರ ಬೆನ್ನಿಗೇ ಕನ್ಚೆರ್ಟೊಗೆ ಕೈಹಾಕಿದ. ಅಕ್ಟೋಬರ್ 3ಕ್ಕೆ ಅದೂ ಸಿದ್ಧ. ಇಷ್ಟು ಸಲೀಸಾಗಿ ಬಂದದ್ದಕ್ಕೆ ಹಿನ್ನೆಲೆಯೊಂದಿದೆ. ಅದಕ್ಕೆ ಸ್ವಲ್ಪ ಮುಂಚೆ ಅವನು ಹಿಂದಿನ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ ಒಂಟಿ ಪಿಟೀಲಿನ ಸೊನಾಟಾ ಎಂಬ ಕೃತಿಗಳಿಗೆ ಪಿಯಾನೊ ಪಕ್ಕವಾದ್ಯ ಬರೆಯುತ್ತ ಕೂತಿದ್ದ. ಒಂದೇ ಪಿಟೀಲು ನಾಲ್ಕು ತಂತಿಯ ಮೇಲೆ ಇಡೀ ಕಟ್ಟಡ ನಿಲ್ಲಿಸುವುದು ಹೇಗೆ ಎಂಬುದನ್ನು ತಿಂಗಳುಗಟ್ಟಲೆ ಹತ್ತಿರದಿಂದ ನೋಡಿದ ಕೈ ಅದು. ಕನ್ಚೆರ್ಟೊದ ಮೊದಲ ಭಾಗ ಕೇಳುವಾಗ ಇದು ನೆನಪಿರಲಿ.

ಅವನಿಗೆ ಹುಚ್ಚು ಹಿಡಿದ ಮೇಲೆ ಬರೆದದ್ದು ಎನ್ನುತ್ತಾರಲ್ಲ?

ಎನ್ನುತ್ತಾರೆ. ದಿನಾಂಕಗಳನ್ನು ನೋಡಿ.

ಕನ್ಚೆರ್ಟೊ ಬರೆಯುತ್ತಿದ್ದ ದಿನಗಳಲ್ಲೇ, ಸೆಪ್ಟೆಂಬರ್ 30ರಂದು, ಹ್ಯಾಂಬರ್ಗ್‌ನಿಂದ ಬಂದ ಇಪ್ಪತ್ತು ವರ್ಷದ ಯುವಕನೊಬ್ಬ ಶೂಮನ್ನನ ಮನೆಯ ಬಾಗಿಲು ತಟ್ಟಿದ. ಅವನ ಹೆಸರು ಯೊಹಾನ್ನೆಸ್ ಬ್ರಾಮ್ಸ್. ಅವನ ಸಂಗೀತ ಕೇಳಿದ ಶೂಮನ್ ಅಕ್ಟೋಬರ್ ಮುಗಿಯುವುದರೊಳಗೆ ಪತ್ರಿಕೆಗೆ ಲೇಖನ ಬರೆದು, ನಾವೆಲ್ಲ ಕಾಯುತ್ತಿದ್ದವನು ಬಂದಿದ್ದಾನೆ ಎಂದು ಸಾರಿದ. ಅದು ಎಷ್ಟು ಸರಿಯಾಯಿತು ಎಂಬುದು ಲೋಕಕ್ಕೆ ಗೊತ್ತು. ಹುಚ್ಚು ಹಿಡಿದವನು ಹಾಗೆ ಗುರುತಿಸುವುದುಂಟೇ?

ತೊಂದರೆಗಳಿರಲಿಲ್ಲ ಎಂದಲ್ಲ. ನಗರದ ವಾದ್ಯವೃಂದ ನಡೆಸುವ ಕೆಲಸದಲ್ಲಿ ಅವನು ಸೋಲುತ್ತಿದ್ದ. ಆ ನವೆಂಬರ್‌ನಲ್ಲಿ ಆಡಳಿತ ಸಮಿತಿಯೊಂದಿಗೆ ಸಂಬಂಧ ಹಳಸಿತು. ನಿಜವಾದ ಕುಸಿತ ಶುರುವಾದದ್ದು 1854ರ ಫೆಬ್ರವರಿಯಲ್ಲಿ. ಕಿವಿಯಲ್ಲಿ ನಿಲ್ಲದ ನಾದ, ಆಮೇಲೆ ದೇವದೂತರ ಹಾಡು, ಆಮೇಲೆ ಪಿಶಾಚಿಗಳ ಅಬ್ಬರ. 27ರಂದು, ಊರೆಲ್ಲ ಕಾರ್ನಿವಲ್ ಗದ್ದಲದಲ್ಲಿದ್ದಾಗ, ಮನೆಯಿಂದ ಹೊರಬಿದ್ದು ರೈನ್ ನದಿಗೆ ಹಾರಿದ. ದೋಣಿಯವರು ಎತ್ತಿದರು. ಬಾನ್ ಬಳಿಯ ಎಂಡೆನಿಕ್‌ನ ಆಸ್ಪತ್ರೆ ಸೇರಿದವನು ಮನೆಗೆ ಮರಳಲಿಲ್ಲ. 1856ರ ಜುಲೈ 29ರಂದು ಅಲ್ಲೇ ತೀರಿಕೊಂಡ.

ಕನ್ಚೆರ್ಟೊ ಮುಗಿದದ್ದಕ್ಕೂ ನದಿಗೆ ಹಾರಿದ್ದಕ್ಕೂ ನಡುವೆ ಸುಮಾರು ಐದು ತಿಂಗಳಿದೆ. ಆದರೆ ನಂತರದವರು ಆ ನದಿಯ ದಡದಲ್ಲಿ ನಿಂತೇ ಇದನ್ನು ಕೇಳಿದರು.

ಬೇಡಿ ಬರೆಸಿಕೊಂಡ ಯೋಆಖಿಮ್ ಏಕೆ ನುಡಿಸಲಿಲ್ಲ?

ಈ ಇಡೀ ಕಥೆಯಲ್ಲಿ ನನ್ನನ್ನು ಕಾಡುವುದು ದೆವ್ವವಲ್ಲ, ಇದು.

ಫ್ಯಾಂಟಸಿಯನ್ನು ಅವನು 1853ರ ಅಕ್ಟೋಬರ್ 27ರಂದು ಡ್ಯುಸೆಲ್ಡಾರ್ಫ್‌ನಲ್ಲಿ ನುಡಿಸಿದ. ಕನ್ಚೆರ್ಟೊ ಮಾತ್ರ ವೇದಿಕೆ ಹತ್ತಲಿಲ್ಲ. 1854ರ ಜನವರಿಯಲ್ಲಿ ಶೂಮನ್ ದಂಪತಿ ಹನೋವರ್‌ಗೆ ಹೋದಾಗ, ಅಲ್ಲಿನ ಆಸ್ಥಾನದ ವಾದ್ಯವೃಂದದಲ್ಲಿದ್ದ ಯೋಆಖಿಮ್ ಅದನ್ನು ತಾಲೀಮಿನಲ್ಲಿ ಒಮ್ಮೆ ನುಡಿಸಿ ತೋರಿಸಿದ. ಅದೇ ವರ್ಷದ ನವೆಂಬರ್‌ನಲ್ಲಿ ಆಸ್ಪತ್ರೆಯಲ್ಲಿದ್ದ ಶೂಮನ್ನನಿಗೆ ಅವನು ಬರೆದ ಕಾಗದ ಉಳಿದಿದೆ. ಹನೋವರ್‌ನಲ್ಲಿ ವೃಂದ ನಡೆಸಿ ನಡೆಸಿ ತೋಳು ಸೋತಿತ್ತು, ನಿಮ್ಮ ಕೃತಿಗೆ ನ್ಯಾಯ ಸಲ್ಲಿಸಲಾಗಲಿಲ್ಲ, ಈಗ ಚೆನ್ನಾಗಿ ಕೈಗೆ ಹತ್ತಿದೆ ಎನ್ನುತ್ತಾನೆ. ಜೊತೆಗೆ ಒಂದು ನಗೆಯನ್ನೂ ನೆನಪಿಸುತ್ತಾನೆ: ಕೊನೆಯ ಭಾಗ ಕೇಳಿ, ಪೋಲೆಂಡಿನ ವೀರ ಕೊಸ್ಚುಷ್ಕೊ ಮತ್ತು ದೊರೆ ಸೊಬಿಯೆಸ್ಕಿ ಸೇರಿ ನೃತ್ಯ ಆರಂಭಿಸಿದ ಹಾಗಿದೆ ಎಂದು ನಾವು ಹೇಳಿದಾಗ ನೀವು ಎಷ್ಟು ಖುಷಿಯಿಂದ ನಕ್ಕಿರಿ!

ಆ ನಗೆಯನ್ನು ನೆನೆದವನೇ 1898ರಲ್ಲಿ, ತನ್ನ ಜೀವನಚರಿತ್ರೆ ಬರೆಯುತ್ತಿದ್ದ ಆಂಡ್ರಿಯಾಸ್ ಮೋಸರ್‌ಗೆ ಪತ್ರ ಬರೆದು, ಈ ಕೃತಿಯಲ್ಲಿ ಬಳಲಿಕೆಯಿದೆ, ಕೊನೆಯ ಹನಿ ಶಕ್ತಿಯನ್ನೂ ಹಿಂಡಿ ತೆಗೆಯುವ ಯತ್ನ ಕಾಣುತ್ತದೆ ಎಂದ. ನಿಧಾನ ಭಾಗದ ಆರಂಭವನ್ನು ಹೊಗಳಿದ. ಕೊನೆಯ ಭಾಗವನ್ನು ಕೈಬಿಟ್ಟ. ನಡುವಿನ 44 ವರ್ಷಗಳಲ್ಲಿ ಸ್ವರಲಿಪಿಯಲ್ಲಿ ಒಂದು ಚುಕ್ಕೆಯೂ ಬದಲಾಗಿರಲಿಲ್ಲ.

ಶೂಮನ್ನನ ಹೆಂಡತಿ ಕ್ಲಾರಾ ಗಂಡನ ಕೃತಿಯನ್ನು ಮುಚ್ಚಿಟ್ಟದ್ದು ಸರಿಯೇ?

ಮುಚ್ಚಿಟ್ಟದ್ದು ಕ್ಲಾರಾ ಒಬ್ಬಳೇ ಅಲ್ಲ. ಯೋಆಖಿಮ್, ಬ್ರಾಮ್ಸ್, ಆಕೆ ಮೂವರೂ ಸೇರಿ ತೆಗೆದುಕೊಂಡ ತೀರ್ಮಾನ ಅದು. ಶೂಮನ್ನನ ಸಮಗ್ರ ಕೃತಿಗಳು ಅಚ್ಚಾದಾಗ ಕನ್ಚೆರ್ಟೊ ಅದರಲ್ಲಿ ಇರಲಿಲ್ಲ. ಗಂಡನಿಗೆ ಬುದ್ಧಿಭ್ರಮಣೆಯಾಗಿತ್ತು ಎಂದು ಊರೇ ಆಡಿಕೊಳ್ಳುತ್ತಿದ್ದಾಗ, ಕೊನೆಯ ವರ್ಷಗಳ ಕೃತಿಗಳಲ್ಲಿ ಎಳ್ಳಷ್ಟು ಸಡಿಲು ಕಂಡರೂ ಅದನ್ನು ಹೊರಗೆ ಬಿಡಲು ಹೆಂಡತಿಗೆ ಮನಸ್ಸಾಗದಿರುವುದು ಅರ್ಥವಾಗುತ್ತದೆ. ಪಿಟೀಲಿನ ದಪ್ಪ ಕಂಠದ ದೊಡ್ಡಣ್ಣನಂಥ ಚೆಲ್ಲೊ ವಾದ್ಯಕ್ಕೆಂದು ಅವನು ಬರೆದಿದ್ದ ಐದು ರೊಮಾನ್ಸ್ ಎಂಬ ಕಿರು ಕೃತಿಗಳನ್ನು ಆಕೆ 1893ರಲ್ಲಿ ನಾಶವೇ ಮಾಡಿದಳು. ಕನ್ಚೆರ್ಟೊ ಬರಿಯ ಬೀಗದಲ್ಲಿ ಪಾರಾಯಿತು ಎನ್ನಬೇಕು.

ಸರಿಯೇ ಎಂದರೆ, ನನ್ನ ಮಟ್ಟಿಗೆ ಸರಿಯಲ್ಲ. ಆದರೆ ಆ ಮನೆಯ ಸಂಕಟ ನಮ್ಮದಲ್ಲ.

ದೆವ್ವ ಬಂದು ಹುಡುಕಿಕೊಟ್ಟಿತಂತೆ, ನಿಜವೇ?

ಆಯಿತು, ದೆವ್ವ.

1933ರ ಮಾರ್ಚ್, ಲಂಡನ್. ಯೋಆಖಿಮ್‌ನ ಒಡಹುಟ್ಟಿದವರ ಕಡೆಯ ಮೊಮ್ಮಗಳಾಗಬೇಕಾದ ಯೆಲ್ಲಿ ದಾರಾನ್ಯಿ ಆಗ ಹೆಸರಾಂತ ಪಿಟೀಲುವಾದಕಿ. ಆಕೆಯ ಅಕ್ಕ ಆದಿಲಾ ಫಾಕಿರಿಯೂ ಪಿಟೀಲಿನವಳೇ. ಅಕ್ಷರಗಳನ್ನು ಸುತ್ತ ಜೋಡಿಸಿ, ಲೋಟದ ಮೇಲೆ ಬೆರಳಿಟ್ಟು ಆತ್ಮಗಳನ್ನು ಮಾತನಾಡಿಸುವ ಆಟ ಆಗ ಅಲ್ಲಿನ ದೊಡ್ಡ ಮನೆಗಳಲ್ಲಿ ಚಾಲ್ತಿಯಲ್ಲಿತ್ತು. ಹಾಗೆ ಕೂತಾಗ ಶೂಮನ್ನನ ಆತ್ಮ ಬಂದು, ತನ್ನ ಅಪ್ರಕಟಿತ ಕೃತಿಯೊಂದನ್ನು ಹುಡುಕಿ ನುಡಿಸು ಎಂದು ಯೆಲ್ಲಿಗೆ ಹೇಳಿತಂತೆ. ಎಲ್ಲಿ ಹುಡುಕಬೇಕೆಂದು ಯೋಆಖಿಮ್‌ನ ಆತ್ಮ ತಿಳಿಸಿತಂತೆ. ಲಂಡನ್‌ನಲ್ಲಿದ್ದ ಸ್ವೀಡನ್ನಿನ ರಾಯಭಾರಿ ಎರಿಕ್ ಪಾಮ್‌ಸ್ಟಿಯರ್ನಾ ಇದನ್ನೆಲ್ಲ 1937ರಲ್ಲಿ ಪುಸ್ತಕದಲ್ಲಿ ಬರೆದ; ಗುಲ್ಲೋ ಗುಲ್ಲು.

ಆದರೆ ಹಸ್ತಪ್ರತಿ ಎಲ್ಲೂ ಕಳೆದುಹೋಗಿರಲಿಲ್ಲ. 1907ರಲ್ಲಿ ಯೋಆಖಿಮ್ ತೀರಿಕೊಂಡ ಮೇಲೆ ಅವನ ಮಗ ಅದನ್ನು ಬರ್ಲಿನ್ನಿನ ಪ್ರಷ್ಯನ್ ರಾಜ್ಯ ಗ್ರಂಥಾಲಯಕ್ಕೆ ಕೊಟ್ಟಿದ್ದ. ಶೂಮನ್ ಸತ್ತು ನೂರು ವರ್ಷ ತುಂಬುವವರೆಗೆ, ಅಂದರೆ 1956ರವರೆಗೆ, ಪ್ರಕಟಿಸಬಾರದೆಂಬ ಷರತ್ತಿತ್ತು. ಇಂಥದೊಂದು ಕೃತಿಯಿದೆ ಎಂಬುದು ಮೋಸರ್‌ಗೆ ಬರೆದ ಪತ್ರದಿಂದಲೇ ಬಲ್ಲವರಿಗೆ ಗೊತ್ತಿತ್ತು. ಯೋಆಖಿಮ್ ಕುಟುಂಬದ ಹೆಣ್ಣುಮಗಳ ಕಿವಿಗೆ ಅದು ಎಂದೋ ಬಿದ್ದು, ಮರೆತು, ಬೆರಳ ತುದಿಯಲ್ಲಿ ಮತ್ತೆ ಎದ್ದಿರಬಾರದೇಕೆ? ಅಷ್ಟಕ್ಕೂ ಆತ್ಮಕ್ಕೆ ಗ್ರಂಥಾಲಯದ ವಿಳಾಸ ಗೊತ್ತಿದ್ದು, ಮುಂದೆ ಎದ್ದ ಹಕ್ಕಿನ ತಕರಾರು ಬಗೆಹರಿಸಲು ಬಾರದೆ ಹೋದದ್ದು ಸೋಜಿಗ.

ನಾಜಿಗಳಿಗೂ ಇದಕ್ಕೂ ಏನು ಸಂಬಂಧ?

ಜರ್ಮನ್ನರಿಗೆ ಪ್ರಾಣವಾಗಿದ್ದ ಪಿಟೀಲು ಕನ್ಚೆರ್ಟೊ ಮೆಂಡೆಲ್ಸನ್‌ನದು. ಅವನು ಯಹೂದಿ ಮನೆತನದವನೆಂದು ನಾಜಿ ಆಡಳಿತ ಅವನ ಸಂಗೀತವನ್ನು ದೂರವಿಟ್ಟಿತು. ಖಾಲಿಯಾದ ಜಾಗಕ್ಕೆ ಅಪ್ಪಟ ಜರ್ಮನ್ ಕೃತಿಯೊಂದು ಬೇಕಿತ್ತು. ಷರತ್ತನ್ನು ಬದಿಗಿಟ್ಟು ಬೀಗ ತೆಗೆದರು. ಶೂಮನ್ನನ ಇನ್ನೂ ಬದುಕಿದ್ದ ಮಗಳು ಯೂಜೆನಿ ತನ್ನ ಇಳಿವಯಸ್ಸಿನಲ್ಲಿ, ತಾಯಿಯ ಇಚ್ಛೆಗೆ ವಿರುದ್ಧವೆಂದು ಪ್ರತಿಭಟಿಸಿದಳು. ಕೇಳುವವರು ಯಾರು?

1937ರ ನವೆಂಬರ್ 26ರಂದು ಬರ್ಲಿನ್ನಿನಲ್ಲಿ ಸರ್ಕಾರದ ಸಾಂಸ್ಕೃತಿಕ ಸಮಾವೇಶವೊಂದರ ಅಂಗವಾಗಿ, ಗೊಬೆಲ್ಸ್ ಭಾಷಣದ ಜೊತೆಗೆ, ಮೊದಲ ಪ್ರದರ್ಶನ ನಡೆಯಿತು. ಪಿಟೀಲು ಗೆಯೋರ್ಗ್ ಕೂಲೆನ್‌ಕಾಂಫ್, ವಾದ್ಯವೃಂದ ಬರ್ಲಿನ್ ಫಿಲ್ಹಾರ್ಮೊನಿಕ್, ನಿರ್ದೇಶಕ ಕಾರ್ಲ್ ಬೋಮ್. ಪಿಟೀಲಿನ ಭಾಗವನ್ನು ಸಾಕಷ್ಟು ತಿದ್ದಲಾಗಿತ್ತು. ತಿದ್ದಿದವರಲ್ಲಿ ಹೆಸರು ಹೇಳಿಕೊಳ್ಳದ ಒಬ್ಬ ಪೌಲ್ ಹಿಂಡೆಮಿತ್; ಅವನ ಸ್ವಂತ ಸಂಗೀತಕ್ಕೇ ಆ ಸರ್ಕಾರ ನಿಷೇಧ ಹಾಕಿತ್ತು.

ಇನ್ನೊಂದು ಸಂಗತಿ ಆ ಸಭೆಯಲ್ಲಿ ಯಾರೂ ಬಾಯಿಬಿಟ್ಟಿರಲಾರರು. ಮೆಂಡೆಲ್ಸನ್ ಶೂಮನ್ನನ ಗೆಳೆಯ. ಕೃತಿ ಯಾರಿಗಾಗಿ ಹುಟ್ಟಿತೋ ಆ ಯೋಆಖಿಮ್ ಯಹೂದಿಯಾಗಿ ಹುಟ್ಟಿದವನು, ಮೆಂಡೆಲ್ಸನ್ ಕೈಹಿಡಿದು ಬೆಳೆಸಿದ ಹುಡುಗ. ಯಹೂದಿಯನ್ನು ಹೊರಹಾಕಲು ತಂದ ಅಸ್ತ್ರದ ಮೂಲದಲ್ಲೇ ಯಹೂದಿಯೊಬ್ಬ ನಿಂತಿದ್ದ.

ಮೆನುಹಿನ್ ಹೆಸರು ಇದರಲ್ಲಿ ಏಕೆ ಬರುತ್ತದೆ?

ಪ್ರಕಾಶಕರು ಅಭಿಪ್ರಾಯ ಕೇಳಿ ಸ್ವರಲಿಪಿಯ ಪ್ರತಿ ಕಳಿಸಿದ್ದು ಅಮೆರಿಕದ ಪಿಟೀಲುವಾದಕ ಯೆಹೂದಿ ಮೆನುಹಿನ್‌ಗೆ (ಯೆಹೂದಿ ಎಂಬುದು ಅವನ ಹೆಸರೇ). ಆಗ ಅವನಿಗೆ 21. ಬೀಥೋವನ್ ಮತ್ತು ಬ್ರಾಮ್ಸ್‌ರ ನಡುವೆ ಕಳಚಿಹೋಗಿದ್ದ ಕೊಂಡಿ ಇದೇ ಎಂದು ಅವನು ಕುಣಿದಾಡಿದ, ಅಮೆರಿಕದಲ್ಲಿ ಮೊದಲ ಪ್ರದರ್ಶನಕ್ಕೆ ಸಿದ್ಧನಾದ. ಹಕ್ಕು ನಮ್ಮದು, ಮೊದಲು ಜರ್ಮನಿಯಲ್ಲಿ ಜರ್ಮನ್ನನೇ ನುಡಿಸಬೇಕು ಎಂದು ಬರ್ಲಿನ್ ಪಟ್ಟು ಹಿಡಿಯಿತು. ಮೆನುಹಿನ್ ಕಾದು, ಡಿಸೆಂಬರ್‌ನಲ್ಲಿ ಸೇಂಟ್ ಲೂಯಿಸ್ ವಾದ್ಯವೃಂದದೊಂದಿಗೆ, ಶೂಮನ್ ಬರೆದದ್ದನ್ನು ತಿದ್ದದೆ ನುಡಿಸಿದ. ಯೆಲ್ಲಿ ದಾರಾನ್ಯಿಯ ಸರದಿ ಬಂದದ್ದು 1938ರ ಫೆಬ್ರವರಿಯಲ್ಲಿ, ಲಂಡನ್ನಿನಲ್ಲಿ. ಅಷ್ಟು ಆತ್ಮಗಳು ಬೆನ್ನಿಗಿದ್ದೂ ಮೂರನೆಯವಳಾಗಿ.

ನಮ್ಮ ಕಡೆಯ ಎಳೆಯೊಂದೂ ಇಲ್ಲಿದೆ. ಇದೇ ಮೆನುಹಿನ್ 1952ರಲ್ಲಿ ಭಾರತಕ್ಕೆ ಬಂದಾಗ ಮುಂಬೈಯಲ್ಲಿ ಯೋಗ ಕಲಿತದ್ದು ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ. ಕಮಾನು ಹಿಡಿಯುವ ತೋಳಿಗೆ ಅದರಿಂದಾದ ಉಪಕಾರವನ್ನು ಅವನು ಕೊನೆಯವರೆಗೂ ಹೇಳಿಕೊಂಡ.

ಸರಿ, ಕೇಳುವುದು ಹೇಗೆ? ಎಲ್ಲಿಂದ ಶುರು ಮಾಡಲಿ?

ನಡುವಿನಿಂದ. ಸಂಪ್ರದಾಯಸ್ಥರು ಬೈಯಲಿ, ಮೊದಲ ಸಲ ಎರಡನೆಯ ಭಾಗವನ್ನೇ ಕೇಳಿ. ಬರಿಯ ಆರೇಳು ನಿಮಿಷ.

ಮೊದಲು ಚೆಲ್ಲೊಗಳು ಮಾತ್ರ. ಅವುಗಳ ಸ್ವರಗಳು ತಾಳದ ಪೆಟ್ಟಿನ ಮೇಲೆ ಬೀಳುವುದಿಲ್ಲ. ಪೆಟ್ಟು ದಾಟಿದ ಮೇಲೆ, ಅರ್ಧ ಹೆಜ್ಜೆ ತಡವಾಗಿ ಬರುತ್ತವೆ. ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರೆ ಕೈ ಒಂದು ಕಡೆ, ಹಾಡು ಒಂದು ಕಡೆ. ನಮ್ಮಲ್ಲಿ ಅನಾಗತ ಎಡುಪಿನ, ಅಂದರೆ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವ, ಕೃತಿಗಳನ್ನು ಕೇಳಿ ಬಲ್ಲವರಿಗೆ ಈ ತಡವರಿಕೆ ಹೊಸದಲ್ಲ. ಅದರ ಮೇಲೆ ಪಿಟೀಲು ಮೆಲ್ಲನೆ, ಕೆಳಸ್ಥಾಯಿಯಲ್ಲಿ, ತನ್ನ ಹಾಡು ತೆಗೆಯುತ್ತದೆ. ಇದು ನೇರವಾಗಿ ನಡೆಯುವ ಹಾಡು. ತಡವರಿಸುವ ಹಾಡು, ನೇರ ಹಾಡು ಎರಡೂ ಒಂದನ್ನೊಂದು ಬಿಡದೆ ಜೊತೆಯಾಗಿ ಸಾಗುತ್ತವೆ. ನಾನು ಇದನ್ನು ಮೊದಲು ಗಮನವಿಟ್ಟು ಕೇಳಿದ್ದು ರಾತ್ರಿ ಬಸ್ಸಿನಲ್ಲಿ; ಪಕ್ಕದವರ ಗೊರಕೆ ಚೆಲ್ಲೊಗಳಿಗಿಂತ ಕರಾರುವಾಕ್ಕಾಗಿ ತಾಳಕ್ಕೆ ಬೀಳುತ್ತಿತ್ತು.

ಮುಗಿಯುವ ಹೊತ್ತಿಗೆ ವೇಗ ಏರುತ್ತ ಹೋಗಿ, ನಿಲ್ಲದೆ ಮೂರನೆಯ ಭಾಗಕ್ಕೆ ಹೊಸಿಲು ದಾಟುತ್ತದೆ. ಅಲ್ಲಿಗೆ ನಿಲ್ಲಿಸಿ, ಈಗ ಮೊದಲ ಭಾಗಕ್ಕೆ ಹೋಗಿ. ಅದು ಸುಮಾರು ಕಾಲು ಗಂಟೆ. ದಪ್ಪ ಕಂಬಗಳ ಮಂಟಪದ ಹಾಗೆ. ವಾದ್ಯವೃಂದ ತನ್ನ ಗಂಭೀರ ಮಾತನ್ನು ಪೂರ್ತಿ ಹೇಳಿದ ಮೇಲೆ ಪಿಟೀಲು ಎರಡು ಮೂರು ತಂತಿಗಳನ್ನು ಒಟ್ಟಿಗೆ ಎಳೆಯುತ್ತ ಒಳಬರುತ್ತದೆ. ಬಾಖ್ ಒಂಟಿ ಪಿಟೀಲಿಗೆ ಬರೆದ ಡಿ ಮೈನರ್ ಶಕೋನ್ ಕೇಳಿದ್ದವರಿಗೆ ಆ ನಡೆ ಕೂಡಲೇ ಗುರುತು ಸಿಗುತ್ತದೆ.

ನಾನು ಕರ್ನಾಟಕ ಸಂಗೀತ ಕೇಳುವವನು. ಇದು ಯಾವ ರಾಗ?

ರಾಗವಲ್ಲ. ಸ್ವರಗಳ ಲೆಕ್ಕಕ್ಕೆ ಬೇಕಾದರೆ, ಮೈನರ್‌ನ ಒಂದು ರೂಪ ನಟಭೈರವಿಗೂ ಇನ್ನೊಂದು ಕೀರವಾಣಿಗೂ, ಮೇಜರ್ ಶಂಕರಾಭರಣಕ್ಕೂ ಹೊಂದುತ್ತದೆ. ಆದರೆ ಇಲ್ಲಿ ಗಮಕವಿಲ್ಲ, ಮತ್ತು ದೊಡ್ಡ ವ್ಯತ್ಯಾಸವೆಂದರೆ ಷಡ್ಜವೇ ಸ್ಥಾನ ಬದಲಿಸುತ್ತದೆ. ಮೊದಲ ಭಾಗ ಡಿ ಮೈನರ್, ಎರಡನೆಯದು ಬಿ ಫ್ಲಾಟ್ ಮೇಜರ್, ಮೂರನೆಯದು ಡಿ ಮೇಜರ್. ತಂಬೂರಿ ಮೀಟಿಕೊಂಡು ಕೂತರೆ ತಲೆ ಕೆಡುತ್ತದೆ. ಷಡ್ಜ ಮನೆಬಿಟ್ಟು ಹೋಗಿ ಮರಳುವುದೇ ಇಲ್ಲಿನ ಕಥೆ ಎಂದುಕೊಂಡು ಕೇಳಿ. ಪಿಟೀಲು ಮಾತ್ರ ಅದೇ ಪಿಟೀಲು. ನಾವು ಷಡ್ಜ ಪಂಚಮಕ್ಕೆ ತಂತಿ ಕೂಡಿಸಿ, ಕೂತು ನುಡಿಸುತ್ತೇವೆ, ಅವರು ಐದೈದು ಸ್ವರ ದೂರಕ್ಕೆ ಕೂಡಿಸಿ, ನಿಂತು.

ಕೊನೆಯ ಭಾಗ ನನಗೆ ಬೇಸರ ತಂದಿತು. ತಪ್ಪು ನನ್ನದೇ?

ಬಹುಶಃ ವೇಗದ್ದು. ಶೂಮನ್ ಸ್ವರಲಿಪಿಯಲ್ಲಿ ಮೆಟ್ರೊನೋಮ್ ಗುರುತು ಕೊಟ್ಟಿದ್ದಾನೆ: ನಿಮಿಷಕ್ಕೆ 63 ಪೆಟ್ಟು. ಗೋಡೆ ಗಡಿಯಾರದ ಸೆಕೆಂಡು ಮುಳ್ಳಿಗಿಂತ ಕೂದಲೆಳೆಯಷ್ಟು ವೇಗ. ಒಂದು ಆವರ್ತಕ್ಕೆ ಮೂರು ಪೆಟ್ಟು. ಕನ್ಚೆರ್ಟೊದ ಕೊನೆ ಎಂದರೆ ಕುದುರೆ ಓಡಬೇಕು ಎಂದು ನಂಬಿದ ವಾದಕರಿಗೆ ಇದು ಅಚ್ಚಿನ ತಪ್ಪೋ, ಕೆಟ್ಟ ಗಡಿಯಾರವೋ, ಕೆಟ್ಟ ತಲೆಯೋ ಎನಿಸಿತು. ಓಡಿಸಿದರು. ಓಡಿಸಿದಾಗ ಪಿಟೀಲಿನ ಸಣ್ಣ ಸ್ವರಗಳೆಲ್ಲ ಒಂದಕ್ಕೊಂದು ಮೆತ್ತಿಕೊಂಡು ಒಂದೇ ಮಾತನ್ನು ಹತ್ತು ಸಲ ಹೇಳಿದಂತೆ ಕೇಳುತ್ತದೆ.

ಈಗ ಯೋಆಖಿಮ್ ನೆನಪಿಸಿದ ಆ ನಗೆಗೆ ಬನ್ನಿ. ಈ ಭಾಗ ಪೊಲೊನೇಸ್, ಪೋಲೆಂಡಿನ ನೃತ್ಯ. ಜೋಡಿಗಳು ಸಾಲಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು ನಡೆಯುತ್ತ ಸಭೆಯನ್ನು ತೆರೆಯುವ ಕುಣಿತ. ಕೊಸ್ಚುಷ್ಕೊ, ಸೊಬಿಯೆಸ್ಕಿ ಇಬ್ಬರೂ ಓಡುವವರಲ್ಲ. ಕತ್ತಿ ಸೊಂಟಕ್ಕೆ, ಮೀಸೆ ತಿರುವಿ, ಒಂದೊಂದೇ ಹೆಜ್ಜೆ. ನಿಮಿಷಕ್ಕೆ 63ರಲ್ಲಿ ಆ ಸಣ್ಣ ಸ್ವರಗಳು ಅಂಗಿಯ ಜರಿಯಂಚಿನ ಹಾಗೆ ಬಿಡಿಬಿಡಿಯಾಗಿ ಕಾಣುತ್ತವೆ. ವಾದಕನಿಗೆ ಮಾತ್ರ ಕಷ್ಟ: ನಿಧಾನದಲ್ಲಿ ಮರೆಮಾಚಲು ಏನೂ ಉಳಿಯುವುದಿಲ್ಲ, ಮತ್ತು ಪಿಟೀಲಿನ ಹೆಚ್ಚಿನ ಕೆಲಸ ಮಂದ್ರ, ಮಧ್ಯ ಸ್ಥಾಯಿಯಲ್ಲಿದ್ದು ವಾದ್ಯವೃಂದದಡಿ ಹೂತುಹೋಗುವ ಭಯ ಬೇರೆ.

ಯಾರ ಧ್ವನಿಮುದ್ರಣ ಕೇಳಲಿ?

ಗಿಡಾನ್ ಕ್ರೆಮರ್ ಪಿಟೀಲು, ನಿಕೋಲಾಸ್ ಹಾರ್ನೊನ್‌ಕೋರ್ಟ್ ನಿರ್ದೇಶನದ್ದು ಕೊನೆಯ ಭಾಗವನ್ನು ಧೈರ್ಯವಾಗಿ ನಿಧಾನಕ್ಕೆ ನಡೆಸುತ್ತದೆ. ಕೆಲವರಿಗೆ ಅದು ಅತಿಯಾಯಿತು, ನನಗೆ ಆಗಲಿಲ್ಲ. ಇಸಾಬೆಲ್ ಫೌಸ್ಟ್ ಮತ್ತು ಫ್ರೈಬರ್ಗ್ ಬರೋಕ್ ವಾದ್ಯವೃಂದದ್ದರಲ್ಲಿ ಹಳೆಯ ಕಾಲದ ವಾದ್ಯಗಳಿರುವುದರಿಂದ ಮೊದಲ ಭಾಗದ ದಪ್ಪ ಕರಗಿ ಒಳಗಿನ ಎಳೆಗಳು ಕಾಣುತ್ತವೆ. ಹೊಸಬರಿಗೆ ಇದನ್ನೇ ಹೇಳುತ್ತೇನೆ. ಬಾರ್ಬಿರೊಲ್ಲಿ ಜೊತೆ ಮೆನುಹಿನ್ 1938ರಲ್ಲಿ ನುಡಿಸಿದ್ದನ್ನು, ಗರಗರ ಸದ್ದನ್ನು ಸಹಿಸಬಲ್ಲವರು ಒಮ್ಮೆಯಾದರೂ ಕೇಳಬೇಕು. ಕೂಲೆನ್‌ಕಾಂಫ್‌ನದು ಚರಿತ್ರೆಗಾಗಿ.

ಇಷ್ಟವಾಯಿತು. ಮುಂದೇನು ಕೇಳಲಿ?

ಅದೇ ಸೆಪ್ಟೆಂಬರ್‌ನ ಫ್ಯಾಂಟಸಿ. 1851ರ ಎರಡು ಪಿಟೀಲು ಸೊನಾಟಾಗಳು. ಆಮೇಲೆ ಪಿಯಾನೊದ ಎರಡು ಕೃತಿಗಳನ್ನು ಒಂದರ ಬೆನ್ನಿಗೆ ಒಂದು.

ಮೊದಲನೆಯದು ಪ್ರೇತ ವೇರಿಯೇಷನ್ ಎಂದು ಹೆಸರಾದದ್ದು. 1854ರ ಫೆಬ್ರವರಿ 17ರ ರಾತ್ರಿ ಶೂಮನ್ ಹಾಸಿಗೆಯಿಂದೆದ್ದು, ದೇವದೂತರು ಹೇಳಿಕೊಟ್ಟರೆಂದು ಒಂದು ಸ್ವರಸಾಲನ್ನು ಬರೆದಿಟ್ಟುಕೊಂಡ. ಅದನ್ನು ಬಗೆಬಗೆಯಾಗಿ ಬೆಳೆಸುತ್ತಿದ್ದ ದಿನಗಳಲ್ಲೇ ಎದ್ದು ನದಿಯ ಕಡೆ ಹೋದದ್ದು. ಕನ್ಚೆರ್ಟೊದ ಎರಡನೆಯ ಭಾಗ ಕೇಳಿರುವ ನಿಮಗೆ ಆ ಸಾಲು ಗುರುತು ಸಿಗದೆ ಇರದು: ಐದು ತಿಂಗಳ ಹಿಂದೆ ಪಿಟೀಲಿಗೆ ತಾನೇ ಬರೆದುಕೊಟ್ಟಿದ್ದ ಹಾಡಿನ ಒಡಹುಟ್ಟು ಅದು. ತನ್ನದೆಂದು ಅವನಿಗೆ ಆಗ ಹೊಳೆಯಲಿಲ್ಲ. ಇದು ಅಚ್ಚಾದದ್ದೂ 1939ರಲ್ಲಿ.

ಎರಡನೆಯದು ಅದೇ ಸಾಲನ್ನು ಎತ್ತಿಕೊಂಡು ಬ್ರಾಮ್ಸ್ 1861ರಲ್ಲಿ ನಾಲ್ಕು ಕೈಗಳ ಪಿಯಾನೊಗೆ ಬರೆದದ್ದು. ಕನ್ಚೆರ್ಟೊ ಹೊರಬರಬಾರದೆಂದು ತಲೆಯಾಡಿಸಿದ ಮೂವರಲ್ಲಿ ಅವನೂ ಒಬ್ಬ. ಈ ಕೃತಿಯನ್ನು ಅವನು ಅರ್ಪಿಸಿದ್ದು ಶೂಮನ್ನನ ಮಗಳು ಯೂಲಿಗೆ, ಮತ್ತು ಅದರ ಕೊನೆಯ ವೇರಿಯೇಷನ್ ಶವಯಾತ್ರೆಯ ನಡೆಯಲ್ಲಿದೆ.